ಓಟದ ದಿನದ ಹಾಜರಿ

ಬಾಳೆಹಡ್ಲು ಎಸ್ಟೇಟಿನ ಆಳುಗಳ ಲೈನ್ ಮನೆಗಳ ಮುಂದಿನ ದಾರಿಯಲ್ಲಿ ಬೆಳಗ್ಗೆ ಆರೂವರೆಗೆ ಸರಿಯಾಗಿ ಬೂಟಿನ ಸದ್ದು ಕೇಳುತ್ತಿತ್ತು. ಅದು ಕಿವಿಗೆ ಬಿದ್ದರೆ ಸಾಕು, ಬೆಲ್ಲದ ಕಾಫಿ ಸೋಸುತ್ತಿದ್ದ ತಂಗಮ್ಮನ ಕೈ ಅಲ್ಲೇ ನಿಲ್ಲುತ್ತಿತ್ತು. ಅವಳೇನೂ ಕರುಬುವ ಹೆಂಗಸಲ್ಲ. ಅರವತ್ತನಾಲ್ಕು ವರ್ಷದ ಬಾಳಿನಲ್ಲಿ ಇನ್ನೊಬ್ಬರ ಸೀರೆಯನ್ನಾಗಲಿ, ಇನ್ನೊಬ್ಬರ ಕೊಟ್ಟಿಗೆಯ ಹಸುವನ್ನಾಗಲಿ ಕಂಡು ನಿಟ್ಟುಸಿರು ಬಿಟ್ಟವಳಲ್ಲ. ತೋಟದ ದೇವಿ ಚೌಡಮ್ಮ ಕೊಟ್ಟಷ್ಟು ದಿನ ನಮ್ಮದು ಎಂದುಕೊಂಡು ಬಾಳಿದವಳು. ಆದರೂ ಈ ಕಾರ್ತಿಕ ಮಾಸದಲ್ಲಿ ಅವಳ ಎದೆಯೊಳಗೆ ಒಂದು ಕೆಂಡ ಬಿದ್ದಿತ್ತು. ದಿನಾ ದೀಪ ಹಚ್ಚಿ ಕೈ ಮುಗಿದರೂ ಅದು ಆರುತ್ತಿರಲಿಲ್ಲ.

ಓಡಿ ಬರುತ್ತಿದ್ದವಳು ಧಣಿ ಚನ್ನಕೇಶವ ಗೌಡರ ಮಗಳು ಕೃತಿಕಾ. ಅಪ್ಪನ ಜೊತೆ ತೋಟ ನೋಡಿಕೊಳ್ಳುತ್ತಿದ್ದ ಇಪ್ಪತ್ತೊಂಬತ್ತರ ಹುಡುಗಿ. ನಸುಕಿನಲ್ಲೇ ಎದ್ದು ಕೊಟ್ಟಿಗೆಹಾರದ ತನಕ ಓಡಿ ಹೋಗಿ ತೋಟದೊಳಗಿನ ದಾರಿಯಲ್ಲಿ ವಾಪಸು ಬರುತ್ತಿದ್ದಳು. ಮೈಮೇಲೆ ಹಳದಿ ಬನಿಯನ್, ಅದರ ಎದೆಯ ಮೇಲೆ ಏನೋ ದೊಡ್ಡ ಬರಹ. ಯಾವುದೋ ಕಂಪನಿಯದ್ದಿರಬೇಕು ಎಂದು ತಂಗಮ್ಮ ಅಂದುಕೊಂಡಿದ್ದಳು. ಅವಳಿಗೆ ಓದಲು ಬರುತ್ತಿರಲಿಲ್ಲ.

ಜಗಲಿಯಲ್ಲಿ ಕೂತ ಅವಳ ಗಂಡ ಗುರುವಯ್ಯ ಆ ಸದ್ದಿಗೆ ಎದ್ದು ನಿಲ್ಲುತ್ತಿದ್ದ. ಬೆನ್ನು ನೆಟ್ಟಗೆ ಮಾಡಿ, ಕಣ್ಣು ಕಿರಿದು ಮಾಡಿ, ಅವಳು ಹತ್ತಿರ ಬಂದ ಕೂಡಲೇ ಗಟ್ಟಿ ದನಿಯಲ್ಲಿ ಕೂಗುತ್ತಿದ್ದ.

"ಕೃತಿಕಾ."

ಸಣ್ಣಮ್ಮ ಅಂತಲ್ಲ, ಅಮ್ಮಾವ್ರೆ ಅಂತಲೂ ಅಲ್ಲ, ಬರೀ ಹೆಸರು. ಧಣಿಯ ಮಗಳನ್ನು ಆ ಲೈನಿನಲ್ಲಿ ಯಾರೂ ಹಾಗೆ ಕರೆದವರಿಲ್ಲ. ಆದರೆ ಆ ಹುಡುಗಿ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ನಿಂತಲ್ಲೇ ಕಾಲು ಆಡಿಸುತ್ತಾ ನಕ್ಕು, "ಬಂದೆ ಮೇಸ್ತ್ರಿ" ಅನ್ನುತ್ತಿದ್ದಳು. ಆಮೇಲೆ ಇಬ್ಬರೂ ಗೇಟಿನ ತನಕ ಜೊತೆಗೆ ನಡೆದು ಹೋಗುತ್ತಿದ್ದರು.

ಆ 'ಬಂದೆ' ಎಂಬ ಮಾತೇ ತಂಗಮ್ಮನನ್ನು ಸುಡುತ್ತಿತ್ತು. ಯಾಕೆಂದರೆ ಅದು ಅವಳ ಮಾತು.

ಗುರುವಯ್ಯ ಮೂವತ್ತೈದು ವರ್ಷ ಆ ತೋಟದ ಮೇಸ್ತ್ರಿಯಾಗಿದ್ದವನು. ಕಣದ ಮುಂದೆ ಆಳುಗಳನ್ನು ಸಾಲಾಗಿ ನಿಲ್ಲಿಸಿ, ಚೆಕ್‌ರೋಲ್ ಪುಸ್ತಕ ಹಿಡಿದು ಹಾಜರಿ ಕೂಗುತ್ತಿದ್ದ. ಹೆಸರು ಓದುವುದು, ಅವರು 'ಬಂದೆ' ಅನ್ನುವುದು, ಆ ದಿನದ ಕೆಲಸ ಹೇಳುವುದು. ಮನೆಯಲ್ಲಿ ಅವನು ಹೆಂಡತಿಯನ್ನು ಹೆಸರಿಟ್ಟು ಕರೆದವನೇ ಅಲ್ಲ. 'ಇವಳೇ', 'ಕೇಳ್ತಾ', ಇಷ್ಟೇ. ಅವರ ಕಡೆಯಲ್ಲಿ ಆಗ ಹಾಗೇ ಇತ್ತು. ಆದರೆ ಹಾಜರಿಯಲ್ಲಿ ಹೆಸರು ಕೂಗದೆ ಗತಿಯಿರಲಿಲ್ಲ. ಎಲ್ಲರೆದುರು, ಮಂಜಿನ ನಡುವೆ, ಅವನ ಬಾಯಲ್ಲಿ 'ತಂಗಮ್ಮ' ಎಂದು ಬರುವುದನ್ನು ಕೇಳಲಿಕ್ಕೆ ಅವಳು ಜ್ವರದಲ್ಲೂ ಕೆಲಸಕ್ಕೆ ಹೋದದ್ದುಂಟು. ಮೈಯೆಲ್ಲ ಕಿವಿಯಾಗಿ ನಿಂತು, ಸೆರಗು ಸರಿಮಾಡಿಕೊಂಡು, 'ಬಂದೆ' ಅನ್ನುತ್ತಿದ್ದಳು.

ಈಗ ನಾಲ್ಕು ವರ್ಷದಿಂದ ಅವನಿಗೆ ಮರೆವಿನ ಕಾಯಿಲೆ. ಮೊದಲು ಬೀಡಿ ಇಟ್ಟ ಜಾಗ ಮರೆತ. ಆಮೇಲೆ ವಸ್ತಾರೆಗೆ ಕೊಟ್ಟ ಮಗಳು ಪವಿತ್ರಾಳನ್ನು ಮರೆತ. ಹೋದ ಆಷಾಢದಲ್ಲಿ ಒಂದು ದಿನ ತಂಗಮ್ಮ ಗಂಜಿ ಬಡಿಸುವಾಗ ತಲೆಯೆತ್ತಿ, "ನೀನು ಯಾರ ಪೈಕಿ ಆಯ್ತಮ್ಮ?" ಎಂದು ಮರ್ಯಾದೆಯಿಂದ ಕೇಳಿದ. ಅವಳು ಉಪ್ಪಿನಕಾಯಿ ಬಡಿಸಿದಳು. ಆಮೇಲೆ ಹಿತ್ತಿಲಿಗೆ ಹೋಗಿ ಬಹಳ ಹೊತ್ತು ಪಾತ್ರೆ ಉಜ್ಜಿದಳು.

ಅವನು ಎಲ್ಲರನ್ನೂ ಮರೆತಿದ್ದರೆ ಅದು ದೇವರಿಚ್ಛೆ ಎಂದು ಸುಮ್ಮನಾಗುತ್ತಿದ್ದಳೋ ಏನೋ. ತನ್ನನ್ನು ಮರೆತವನಿಗೆ ಆ ಹುಡುಗಿಯ ಹೆಸರು ಮಾತ್ರ ಹೇಗೆ ನೆನಪಿರುತ್ತದೆ ಎಂಬುದೇ ಅವಳಿಗೆ ತಾಳಲಾಗದ ಸಂಗತಿ. ಮೈ ತೊಳೆದು, ಬಟ್ಟೆ ಹಾಕಿಸಿ, ಎಲ್ಲೆಲ್ಲೋ ಹೊರಟವನನ್ನು ಹಿಂದೆ ಹಿಂದೆ ಹೋಗಿ ಕರೆತಂದು ಸಾಕುವವಳು ಒಬ್ಬಳು. ದಿನಕ್ಕೆ ಐದು ನಿಮಿಷ ಮುಖ ತೋರಿಸುವವಳ ಹೆಸರು ಬಾಯಲ್ಲಿ.

ಪಕ್ಕದ ಮನೆಯ ರೇವತಿ ಸುಮ್ಮನಿರುವವಳಲ್ಲ. "ಏನ್ ದೊಡ್ಡಮ್ಮ, ಮೇಸ್ತ್ರಿ ಬೆಳಗ್ಗೆ ಎದ್ದು ತಲೆ ಬಾಚ್ಕೊಂಡು ಕಾಯ್ತಾರಲ್ಲ" ಎಂದು ನೀರಿನ ನಲ್ಲಿಯ ಹತ್ತಿರ ಚುಚ್ಚಿದಳು.

"ತಲೆ ಬಾಚೋದು ನಾನು ಮಾರಾಯ್ತಿ" ಅಂದಳು ತಂಗಮ್ಮ.

"ಅದೇ ಮತ್ತೆ. ಬಾಚೋದು ನೀವು, ಕಾಯೋದು ಅವ್ರನ್ನ."

ತಂಗಮ್ಮ ಕೊಡ ತುಂಬುವ ಮೊದಲೇ ಎತ್ತಿಕೊಂಡು ಬಂದಳು.

ಕಾರ್ತಿಕದ ಎರಡನೇ ವಾರ ಕೃತಿಕಾ ಸಂಜೆ ಹೊತ್ತು ಮನೆಗೇ ಬಂದಳು. ಜೊತೆಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ನಂದನ್. ಭಾನುವಾರ ಕೊಟ್ಟಿಗೆಹಾರದಿಂದ ಐವತ್ತು ಕಿಲೋಮೀಟರಿನ ಓಟ, ತೋಟಗಳ ಒಳಗೇ ಸುತ್ತಿ ಬರುವುದು, ನಮ್ಮ ತೋಟದ ಮೇಲೂ ಹಾಯ್ದು ಹೋಗುತ್ತದೆ ಎಂದಳು. ಅವಳ ಅಜ್ಜಿ ನಂಜಮ್ಮನವರು ಇದೇ ಮರೆವಿನಲ್ಲೇ ತೀರಿಹೋಗಿ ಎರಡು ವರ್ಷವಾಗಿತ್ತು.

"ಜನ ಇದನ್ನ ಅರಳುಮರಳು ಅಂದ್ಬಿಟ್ಟು ಮೂಲೇಲಿ ಕೂರಿಸ್ತಾರೆ ತಂಗಮ್ಮಕ್ಕ. ಇದು ಮಿದುಳಿನ ಕಾಯಿಲೆ, ಡಿಮೆನ್ಷಿಯಾ ಅಂತಾರೆ. ಪೂರ್ತಿ ವಾಸಿ ಮಾಡೋ ಔಷಧ ಇನ್ನೂ ಸಿಕ್ಕಿಲ್ಲ. ಹುಡುಕ್ತಾ ಇದಾರೆ. ಆ ಹುಡುಕೋ ಕೆಲಸಕ್ಕೆ ನೆರವಾಗ್ಲಿ, ನಾಲ್ಕು ಜನಕ್ಕೆ ತಿಳೀಲಿ ಅಂತ ಓಡೋದು."

"ನೀವು ಓಡಿದ್ರೆ ಇವ್ರಿಗೆ ನೆನಪು ಬರ್ತದಾ ಸಣ್ಣಮ್ಮ?"

ಕೃತಿಕಾ ಗುರುವಯ್ಯನ ಕಡೆ ನೋಡಿದಳು. "ಇವ್ರಿಗೆ ಬರಲ್ಲ. ಸುಳ್ಳು ಹೇಳಲ್ಲ ನಾನು. ಮುಂದೆ ಯಾರಿಗಾದ್ರೂ ಬರ್ಬೋದು."

ಅದು ತಂಗಮ್ಮನಿಗೆ ಅರ್ಥವಾಗದ ಮಾತಲ್ಲ. ಶಿವರಾತ್ರಿಗೆ ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ನಡೆದುಹೋಗುವವರು ತಮ್ಮ ಕಾಲು ನೋಯಿಸಿಕೊಂಡು ಬೇರೆಯವರ ಕಾಯಿಲೆಗೆ ಹರಕೆ ಹೊರುತ್ತಾರಲ್ಲ, ಹಾಗೆ. ಅವಳೂ ಎರಡು ಸಲ ಗಂಡನ ಹೆಸರಿನಲ್ಲಿ ನಡೆದಿದ್ದಳು. ಪಾದ ಒಡೆದು ರಕ್ತ ಬಂದಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ, ಹೇಳಿದರೆ ಹರಕೆ ಹಗುರಾಗುತ್ತದೆ ಎಂದು. ಈಗ ಮನಸ್ಸಿನೊಳಗೆ ಕೆಂಡ ಕೆದಕಿದಂತಾಯಿತು. ನಾನು ನಡೆದಾಗ ಯಾರು ಕೇಳಿದರು?

ಅಷ್ಟರಲ್ಲಿ ನಂದನ್ ಒಂದು ಭಿತ್ತಿಪತ್ರ ಬಿಚ್ಚಿ ತೋರಿಸಿದ. ಅದರಲ್ಲಿ ಗೇಟಿನ ಹತ್ತಿರ ನಡೆಯುತ್ತಿರುವ ಗುರುವಯ್ಯ ಮತ್ತು ಕೃತಿಕಾ, ಇಬ್ಬರ ಫೋಟೊ. ಗುರುವಯ್ಯ ನಗುತ್ತಿದ್ದ. ಮದುವೆಯ ಫೋಟೊದಲ್ಲೂ ನಗದ ಮನುಷ್ಯ.

"ಕೊಟ್ಟಿಗೆಹಾರದಲ್ಲೆಲ್ಲ ಹಾಕ್ತೀವಿ. ನಿಮ್ಮ ಒಪ್ಪಿಗೆ ಕೇಳೋಣ ಅಂತ ಬಂದ್ವಿ" ಅಂದಳು ಕೃತಿಕಾ.

"ಹಾಕಿ" ಅಂದಳು ತಂಗಮ್ಮ. "ನಂದೇನಿದೆ ಅದ್ರಲ್ಲಿ."

ಶನಿವಾರ ಮಧ್ಯಾಹ್ನ ನಂದನ್ ದಾರಿ ಗುರುತು ಹಾಕಿ ಹೋದ. ಓಡುವವರಿಗೆ ತಿಳಿಯಲೆಂದು ತೋಟದ ದಾರಿಯುದ್ದಕ್ಕೂ ಕಾಫಿ ಗಿಡಗಳ ಕೊಂಬೆಗೆ ಕೆಂಪು ರಿಬ್ಬನ್ ಕಟ್ಟಿದ್ದ. ಪಾಪ, ಅವನು ಬಂದು ಎಂಟೇ ತಿಂಗಳು. ಕಚೇರಿಯ ಕೆಲಸ ಗೊತ್ತಿತ್ತು, ತೋಟದ ಹಳೆಯ ಪದ್ಧತಿ ಗೊತ್ತಿರಲಿಲ್ಲ.

ಮೂರು ಗಂಟೆಗೆ ಗುರುವಯ್ಯ ಎಂದಿನಂತೆ ಎಲ್ಲಿಗೋ ಹೊರಟ. ತಂಗಮ್ಮ ಹಿಂದೆ ಹೊರಟಳು. ಕವಲುದಾರಿಯ ಹತ್ತಿರ ಮೊದಲ ರಿಬ್ಬನ್ ಕಂಡದ್ದೇ ಗುರುವಯ್ಯ ಗಕ್ಕನೆ ನಿಂತ. ಗಿಡದ ಬುಡಕ್ಕೆ ಕೂತ. ಕಾಂಡವನ್ನು ಬೆರಳಿನಿಂದ ಸವರಿದ, ತಟ್ಟಿದ, ಎಲೆ ತಿರುಗಿಸಿ ನೋಡಿದ.

"ಎಂಥದೂ ಇಲ್ಲ ಇದ್ರಲ್ಲಿ. ಯಾವಳು ಕಟ್ಟಿದ್ದು? ಒಳ್ಳೆ ಗಿಡ ಕೀಳಿಸ್ಬಿಡ್ತಾರೆ."

ರಿಬ್ಬನ್ ಬಿಚ್ಚಿ ಹಿಂದಕ್ಕೆ ಕೈ ಚಾಚಿದ. ತಂಗಮ್ಮ ಇಸಕೊಂಡಳು.

ಅವಳಿಗೆ ತಟ್ಟನೆ ಹೊಳೆಯಿತು. ಇದು ಬೋರರ್ ಕೆಲಸ. ಮಳೆ ಬಿಟ್ಟ ಮೇಲೆ ಹೆಣ್ಣಾಳುಗಳು ಗಿಡಗಿಡ ತಡಕಿ, ಕಾಂಡದೊಳಗೆ ಬೋರರ್ ಹುಳ ಸೇರಿದ ಗಿಡಕ್ಕೆ ಬಟ್ಟೆ ಚೂರು ಕಟ್ಟುವುದು. ಹಿಂದಿನಿಂದ ಮೇಸ್ತ್ರಿ ಬಂದು ನೋಡುವುದು. ಹುಳ ನಿಜವಾದರೆ ಗಿಡ ಕಿತ್ತು ಸುಡಿಸುವುದು, ಸುಳ್ಳಾದರೆ ಬಟ್ಟೆ ಬಿಚ್ಚುವುದು. ನಲವತ್ತೈದು ವರ್ಷದ ಹಿಂದೆ ಆ ಗುಂಪಿನಲ್ಲಿ ಅತಿ ಚುರುಕು ಕಣ್ಣಿನ ಹುಡುಗಿ ಅಂದರೆ ತಂಗಮ್ಮ. ಹಾಜರಿಯಲ್ಲಿ ಹೊಸ ಮೇಸ್ತ್ರಿ ಗುರುವಯ್ಯ ಅವಳನ್ನು ದಿನಾ ತನ್ನ ಸಾಲಿಗೇ ಹಾಕಿಕೊಳ್ಳುತ್ತಿದ್ದ. ಲೈನಿನವರೆಲ್ಲ ನಕ್ಕಿದ್ದರು. ಆ ಸಾಲಿನಲ್ಲೇ ಅವರ ಮದುವೆ ನಿಶ್ಚಯವಾದದ್ದು.

"ಏ ಹುಡುಗಿ, ಅಲ್ಲೊಂದಿದೆ ನೋಡು" ಅಂದ ಗುರುವಯ್ಯ.

ಹುಡುಗಿ! ತಂಗಮ್ಮ ಓಡಿದಂತೆ ನಡೆದಳು. ಇದು ಓಟದ ಗುರುತು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಂದನ್ ಕಟ್ಟುವುದನ್ನು ಕಣ್ಣಾರೆ ಕಂಡಿದ್ದಳು. ಒಂದು ಮಾತು ಹೇಳಿ ಕೈ ಹಿಡಿದು ಕರೆತಂದರೆ ಮುಗಿಯುತ್ತಿತ್ತು. ಆದರೆ ನಾಲ್ಕು ವರ್ಷದ ಮೇಲೆ ಅವನು ಅವಳಿಗೆ ಕೆಲಸ ಹೇಳುತ್ತಿದ್ದ, ಅವಳ ಕಣ್ಣನ್ನು ನಂಬಿ "ಇದು ಹೆಂಗೆ?" ಎಂದು ಕೇಳುತ್ತಿದ್ದ. ಅವಳು, "ಹುಳ ಇಲ್ಲ, ಬಿಚ್ಚಿ" ಅನ್ನುತ್ತಿದ್ದಳು. ಇನ್ನೊಂದು ಮಾತೂ ಇತ್ತು, ಅದನ್ನು ಅವಳು ಮಾರನೆಯ ದಿನ ಚೌಡಮ್ಮನೆದುರು ನಿಲ್ಲುವ ತನಕ ಒಪ್ಪಿಕೊಳ್ಳಲಿಲ್ಲ. ಒಂದೊಂದು ರಿಬ್ಬನ್ ಮಡಿಲಿಗೆ ಬಿದ್ದಾಗಲೂ ಕೆಂಡಕ್ಕೆ ನೀರು ಹನಿಸಿದಂತೆ ಹಿತವಾಗುತ್ತಿತ್ತು. ಓಡಲಿ ನೋಡೋಣ ನಾಳೆ, ಎಲ್ಲಿ ಓಡುತ್ತಾಳೋ.

ಕವಲಿನಿಂದ ಮೇಲಿನ ದಾರಿಯಲ್ಲಿ ಹಳ್ಳದ ತಿರುವಿನ ತನಕ ಇಪ್ಪತ್ತಮೂರು ರಿಬ್ಬನ್. ಮನೆಗೆ ಬಂದು ಅಕ್ಕಿ ಡಬ್ಬದಲ್ಲಿ ಅಡಗಿಸಿಟ್ಟಳು.

ಭಾನುವಾರ ಬೆಳಗ್ಗೆ ಬೂಟಿನ ಸದ್ದು ಬರಲಿಲ್ಲ. ಗುರುವಯ್ಯ ಎದ್ದು ನಿಂತು ಕಾದ, ಕೂತ, ಮತ್ತೆ ಎದ್ದ. ತಂಗಮ್ಮ ದೀಪದ ಎಣ್ಣೆ ಹಿಡಿದು ತೋಟದಂಚಿನ ಚೌಡಮ್ಮನ ಕಲ್ಲಿಗೆ ಹೋದಳು. ಹಣತೆ ಇಟ್ಟು, ಬತ್ತಿ ಹಚ್ಚಿ, ಕಣ್ಣು ಮುಚ್ಚಿದಳು. ಕಣ್ಣು ಮುಚ್ಚಿದರೆ ದೇವಿ ಕಾಣಲಿಲ್ಲ, ನಂಜಮ್ಮನವರು ಕಂಡರು. ಕಡೆಯ ವರ್ಷ ಬಂಗಲೆಯ ಮೆಟ್ಟಿಲ ಮೇಲೆ ಕೂತು ಬಂದವರನ್ನೆಲ್ಲ "ನನ್ ಮನೆ ಎಲ್ಲಿ, ಸ್ವಲ್ಪ ದಾರಿ ತೋರಿಸ್ತೀರಾ?" ಎಂದು ಕೇಳುತ್ತಿದ್ದರು. ತಂಗಮ್ಮನನ್ನೂ ಕೇಳಿದ್ದರು. ದಾರಿ ತಪ್ಪಿದವರ ಹೆಸರಿನಲ್ಲಿ ಓಡುವವರ ದಾರಿಯನ್ನೇ ತಾನು ತಪ್ಪಿಸಿದೆನಲ್ಲ.

"ತಾಯಿ, ಹೊಟ್ಟೆಕಿಚ್ಚಿಗೆ ಮಾಡಿದೆ" ಅಂದಳು. "ನಮ್ಮನೆಯವ್ರು ತಿಳೀದೆ ಮಾಡಿದ್ದು, ನಾನು ತಿಳಿದೇ ಮಾಡಿದ್ದು."

ಮನೆಗೆ ಬಂದು ಅಕ್ಕಿ ಡಬ್ಬದಿಂದ ರಿಬ್ಬನ್ ತೆಗೆದು ಮಡಿಲಿಗೆ ಹಾಕಿಕೊಂಡಳು. ಗಂಡನನ್ನು ಇನ್ನೂ ಹೆಚ್ಚು ಹೊತ್ತು ಒಬ್ಬನೇ ಬಿಡುವಂತಿರಲಿಲ್ಲ. ಅವನ ಕೈ ಹಿಡಿದು ಕವಲಿಗೆ ಹೋದಳು. ಮಂಜು ಇನ್ನೂ ಗಿಡದ ಎತ್ತರಕ್ಕೇ ನಿಂತಿತ್ತು. ಅವಸರದಿಂದ ಮೊದಲ ಗಿಡಕ್ಕೆ ರಿಬ್ಬನ್ ಕಟ್ಟಿದಳು. ಎರಡನೆಯದು, ಮೂರನೆಯದು. ತಿರುಗಿ ನೋಡಿದರೆ ಗುರುವಯ್ಯ ಹಿಂದಿನಿಂದ ಒಂದೊಂದೇ ಗಿಡ ಪರೀಕ್ಷೆ ಮಾಡಿ ಬಿಚ್ಚಿಕೊಂಡು ಬರುತ್ತಿದ್ದ.

"ಇದ್ರಲ್ಲೂ ಇಲ್ಲ" ಅಂದ.

"ಅದು ಬೋರರಿಗಲ್ಲ ಅಂದ್ರೆ, ಓಡೋರಿಗೆ."

"ಓಡೋ ಹುಳ ಯಾವ್ದು?"

ಅವಳಿಗೆ ನಗುವೂ ಬಂತು, ಅಳುವೂ ಬಂತು. ಅಷ್ಟರಲ್ಲಿ ಹಳ್ಳದ ಕಡೆಯಿಂದ ಗಿಡ ಸರಿಸಿಕೊಂಡು ಒಬ್ಬ ಹುಡುಗ ಮೇಲೆ ಬಂದ. ವಸ್ತಾರೆಯ ದೇವರಾಜ ಎಂದು ಆಮೇಲೆ ತಿಳಿಯಿತು. ಎಲ್ಲರಿಗಿಂತ ಮುಂದಿದ್ದವನು ಕವಲಿನಲ್ಲಿ ಗುರುತು ಕಾಣದೆ ಕೆಳದಾರಿ ಹಿಡಿದು ಕೆಸರಿಗಿಳಿದಿದ್ದ. ಮೊಣಕಾಲ ತನಕ ಕೆಸರು.

"ಅಜ್ಜಿ, ಯಾವ ಪುಣ್ಯಾತ್ಮ ಇಲ್ಲಿ ಗುರುತು ಕಿತ್ತಿದ್ದು? ಇಪ್ಪತ್ತು ನಿಮಿಷ ಹೋಯ್ತು ನಂದು."

"ನಾನೇ ಕಣಪ್ಪ" ಅಂದಳು ತಂಗಮ್ಮ. "ಮೇಲಿನ ದಾರಿ ಹಿಡಿ. ನನ್ನ ಬೈಯ್ಕೊಂಡೇ ಓಡು, ಪರವಾಗಿಲ್ಲ."

ಅವನು ಬೂಟಿನ ಕೆಸರು ಕೊಡವಿದ. ಓಡಿಹೋದ.

ಕಟ್ಟಿದರೆ ಬಿಚ್ಚುವವನು ಜೊತೆಗಿದ್ದಾನೆ. ಇನ್ನು ಉಳಿದದ್ದು ಒಂದೇ ದಾರಿ, ತಾವೇ ಗುರುತಾಗಿ ನಿಲ್ಲುವುದು. ಅವಳು ಗಂಡನನ್ನು ಕವಲಿನ ಕಲ್ಲಿನ ಮೇಲೆ ಕೂರಿಸಿ, ತಾನು ಕೆಳದಾರಿಗೆ ಅಡ್ಡವಾಗಿ ನಿಂತು, ಕೆಂಪು ರಿಬ್ಬನ್ನುಗಳನ್ನೆಲ್ಲ ಒಟ್ಟಿಗೆ ಗಂಟು ಹಾಕಿ ಕೈಯಲ್ಲಿ ಎತ್ತಿ ಹಿಡಿದಳು.

ಮಂಜಿನೊಳಗಿಂದ ಓಡುವವರು ಒಬ್ಬೊಬ್ಬರಾಗಿ ಬರತೊಡಗಿದರು. ಎಲ್ಲರ ಎದೆಯ ಮೇಲೂ ಬಿಳಿಯ ಚೌಕ ಬಟ್ಟೆ, ಅದರ ಮೇಲೆ ದಪ್ಪ ಬರಹ. ಮೊದಲು ಒಬ್ಬ ಉದ್ದನೆಯ ಹುಡುಗಿ. ಗುರುವಯ್ಯ ಎದ್ದು ನಿಂತ. ಬೆನ್ನು ನೆಟ್ಟಗಾಯಿತು.

"ರಕ್ಷಾ. ಚಿಗುರು ತೆಗೆಯೋದು."

ಆ ಹುಡುಗಿ ಬೆಚ್ಚಿ ನೋಡಿ, ನಕ್ಕು, ಮೇಲಿನ ದಾರಿ ಹಿಡಿದಳು. ಹಿಂದೆ ಒಬ್ಬ ನಡುವಯಸ್ಸಿನವನು, ಏದುಸಿರು ಬಿಡುತ್ತಾ.

"ಬಸವರಾಜು. ಗುಂಡಿ ತೆಗೆಯೋಕೆ ಹೋಗು."

"ಆಯ್ತು ಸ್ವಾಮಿ" ಅಂದ ಅವನು. "ಇದಕ್ಕಿಂತ ಗುಂಡಿ ತೆಗೆಯೋದೇ ವಾಸಿ."

ತಂಗಮ್ಮ ಗಂಡನ ಮುಖವನ್ನೇ ನೋಡುತ್ತಿದ್ದಳು. ಈ ಜನರನ್ನು ಅವನು ಹುಟ್ಟಿದಾಗಿನಿಂದ ಕಂಡವನಲ್ಲ. ಅವನ ಕಣ್ಣು ಯಾರ ಮುಖದ ಮೇಲೂ ಇರಲಿಲ್ಲ. ಎದೆಯ ಮೇಲಿತ್ತು, ಬರಹದ ಮೇಲೆ. ಪುಸ್ತಕ ನೋಡುವ ಹಾಗೆ ನೋಡುತ್ತಿದ್ದ.

ಅವಳ ಕೈಯ ರಿಬ್ಬನ್ ಕೆಳಗಿಳಿಯಿತು.

ಸ್ವಲ್ಪ ಹೊತ್ತಿಗೆ ಹಳದಿ ಬನಿಯನ್ ಕಂಡಿತು. "ಕೃತಿಕಾ" ಎಂದು ಕೂಗಿದ ಗುರುವಯ್ಯ. ರಕ್ಷಾ ಅಂದ ದನಿ, ಬಸವರಾಜು ಅಂದ ದನಿ. ಕೂದಲೆಳೆಯಷ್ಟೂ ಬೇರೆಯಲ್ಲ. "ಗೊಬ್ಬರ ಹೊರೋಕೆ."

"ಬಂದೆ ಮೇಸ್ತ್ರಿ" ಎಂದು ಕೃತಿಕಾ ನಿಂತಳು. ಬೆವರಿನ ಉಪ್ಪು ಕಟ್ಟಿ ಮುಖವೆಲ್ಲ ಬೆಳ್ಳಗಾಗಿತ್ತು, ಕಾಲು ನಡುಗುತ್ತಿತ್ತು. "ತಂಗಮ್ಮಕ್ಕ, ನೀವಿಲ್ಲಿ?"

"ಸಣ್ಣಮ್ಮ, ನಿಮ್ಮೆದೆ ಮೇಲೆ ಬರೆದಿರೋದು ಎಂಥದು?"

"ನನ್ನ ಹೆಸ್ರು. ಅಜ್ಜಿ ನನ್ನ ಮರೆತಾಗ ಹಿಂಗೆ ಬರೆಸ್ಕೊಂಡೆ. ನನ್ನ ಗುರುತು ಸಿಗ್ತಿರಲಿಲ್ಲ, ಅಕ್ಷರ ಮಾತ್ರ ಓದೋರು. ಅದಕ್ಕೇ ಇವತ್ತು ಎಲ್ಲರಿಗೂ ನಂಬರಿನ ಬದಲು ಹೆಸರೇ ಹಾಕ್ಸಿದ್ವಿ. ಮೇಸ್ತ್ರಿ ದಿನಾ ಓದ್ತಾರಲ್ಲ. ನಿಮಗೆ ಗೊತ್ತಿರಲಿಲ್ವಾ?"

ತಂಗಮ್ಮ ಮತ್ತೆ ಗಂಡನ ಕಡೆ ತಿರುಗಿದಳು. ಇಷ್ಟು ದಿನ ಉರಿದದ್ದು ಯಾತಕ್ಕೆ? ಅವನು ಆ ಹುಡುಗಿಯನ್ನೂ ನೆನಪಿಟ್ಟುಕೊಂಡಿರಲಿಲ್ಲ. ಓದುತ್ತಿದ್ದ, ಅಷ್ಟೆ. ಸಮಾಧಾನವಾಗಬೇಕಿತ್ತು, ನಾಚಿಕೆಯಾಯಿತು. ನಾಚಿಕೆಯ ಅಡಿಯಲ್ಲಿ ಕೆಂಡ ಇನ್ನೂ ಸ್ವಲ್ಪ ಇತ್ತು. ಓದುವಷ್ಟಾದರೂ ಈ ಹುಡುಗಿಗೆ ಸಿಕ್ಕಿತಲ್ಲ, ನನಗೆ ಅದೂ ಇಲ್ಲವಲ್ಲ ಎಂದು.

ಅವಳು ಕೈ ಮುಂದೆ ಚಾಚಿ ರಿಬ್ಬನ್ ಗಂಟು ತೋರಿಸಿದಳು. "ಇದನ್ನ ಬಿಚ್ಚಿದ್ದು ಇವ್ರು. ಬೋರರ್ ಗುರುತು ಅಂದ್ಕೊಂಡು. ನಾನು ಬೇಡ ಅನ್ಲಿಲ್ಲ ಸಣ್ಣಮ್ಮ. ನಿಮ್ಮ ಮೇಲಿನ ಸಂಕಟಕ್ಕೆ. ದಿನಾ ನಿಮ್ಮ ಹೆಸ್ರು ಕರೀತಾರಲ್ಲ ಅಂತ. ಮುಂಚೆ ಬಂದ ಒಬ್ಬ ಹುಡುಗ ದಾರಿ ತಪ್ಪಿ ಕೆಸರಿಗೆ ಬಿದ್ದ."

ಕೃತಿಕಾ ರಿಬ್ಬನ್ ನೋಡಿದಳು, ಗುರುವಯ್ಯನನ್ನು ನೋಡಿದಳು. ಅವಳ ಮುಖದಲ್ಲಿ ಒಂದು ಕ್ಷಣ ಬೇಸರ ಹಾದು ಹೋದದ್ದು ನಿಜ. ಹಿಂದಿನಿಂದ ಬಂದ ಇಬ್ಬರು ಅವಳನ್ನು ದಾಟಿ ಮುಂದೆ ಹೋದರು. ಅವಳು ಕಲ್ಲಿನ ಮೇಲೆ ಕುಸಿದು ಕೂತಳು.

"ನಂಗೂ ಹಂಗೇ ಆಗಿತ್ತು" ಅಂದಳು ಬೂಟಿನ ದಾರ ಬಿಗಿಯುತ್ತಾ. "ಅಜ್ಜಿ ಕಡೇ ದಿನಗಳಲ್ಲಿ ನರ್ಸಮ್ಮನ್ನ ಮಗಳೇ ಅಂತಿದ್ರು. ಆ ನರ್ಸಮ್ಮನ ಮುಖ ಕಂಡ್ರೆ ಮೈ ಉರೀತಿತ್ತು ನಂಗೆ."

ತಂಗಮ್ಮ ಅವಳ ಎದೆಯ ಮೇಲಿನ ಬರಹವನ್ನೇ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ, ಸಾಲ ಕೇಳುವವಳಂತೆ ಮುದುರಿ, ಕೇಳಿದಳು. "ಅಂಥ ಬಟ್ಟೆ ಇನ್ನೊಂದು ಉಂಟಾ ಸಣ್ಣಮ್ಮ? ಏನೂ ಬರೀದೇ ಇರೋದು?"

ಹೊತ್ತಿಗೆ ಸರಿಯಾಗಿ ನಂದನ್ ಬೈಕಿನಲ್ಲಿ ನೀರಿನ ಬಾಟಲಿ ತಂದ. ಅವನ ಚೀಲದಲ್ಲಿ ಖಾಲಿ ಬಟ್ಟೆಯೂ ಇತ್ತು, ಮಸಿಯ ಪೆನ್ನೂ ಇತ್ತು. ಕೃತಿಕಾ ಅದನ್ನು ತೊಡೆಯ ಮೇಲಿಟ್ಟುಕೊಂಡು, ಬೆವರಿನ ಕೈ ಒರೆಸಿಕೊಂಡು, ದಪ್ಪ ದಪ್ಪವಾಗಿ ಬರೆದಳು. ತಂಗಮ್ಮನ ಸೆರಗಿಗೆ, ಎದೆಯ ಮೇಲೆ, ನಾಲ್ಕು ಪಿನ್ ಹಾಕಿದಳು. "ಹೋಗಿ ನಿಂತ್ಕೊಳ್ಳಿ" ಎಂದು ಹೇಳಿ, ಕುಂಟುತ್ತಾ ಮೊದಲೆರಡು ಹೆಜ್ಜೆ ಇಟ್ಟು, ಆಮೇಲೆ ಓಡುತ್ತಾ ಮೇಲಿನ ದಾರಿಯಲ್ಲಿ ಮರೆಯಾದಳು. ರಿಬ್ಬನ್ನಿನ ಸಂಗತಿ ಕೇಳಿದ ನಂದನ್ ಕಿವಿ ಕೆಂಪಾಗಿಸಿಕೊಂಡು ಹಳ್ಳದ ತಿರುವಿನಲ್ಲಿ ನಿಲ್ಲಲು ಹೋದ.

ತಂಗಮ್ಮ ದಾರಿಯಲ್ಲಿ ಹಿಂದಕ್ಕೆ ಹತ್ತು ಮಾರು ನಡೆದಳು. ಅಲ್ಲಿಂದ ತಿರುಗಿ ಕವಲಿನ ಕಡೆಗೆ ಬಂದಳು. ಓಡಲು ಬರುತ್ತಿರಲಿಲ್ಲ, ಬೇಗ ಬೇಗ ನಡೆದಳು. ಬರುವಾಗ ಸೆರಗು ಸರಿಮಾಡಿಕೊಂಡಳು. ಎದೆ ಹೊಡೆದುಕೊಳ್ಳುತ್ತಿತ್ತು, ಹತ್ತೊಂಬತ್ತರಲ್ಲಿ ಹೊಡೆದುಕೊಂಡ ಹಾಗೆ.

ಗುರುವಯ್ಯ ಕಣ್ಣು ಕಿರಿದು ಮಾಡಿದ.

"ತಂಗಮ್ಮ."

ಅದೇ ದನಿ. ರಕ್ಷಾ, ಬಸವರಾಜು, ಕೃತಿಕಾ, ಅದೇ ಸಾಲಿನಲ್ಲಿ ಇನ್ನೊಂದು ಹೆಸರು. ಓದಿದ, ಅಷ್ಟೆ. ಅವಳಿಗೆ ಒಳಗೆ ಚುರ್ ಎಂದಿತು. ಆದರೂ ಹೆಸರು ಕೂಗಿದ ಮೇಲೆ ಉತ್ತರ ಕೊಡದೆ ಇರಲಾಗದು.

"ಬಂದೆ" ಅಂದಳು.

ಇನ್ನು ಅವನು ಕೆಲಸ ಹೇಳಬೇಕು. ಅವನು ಹೇಳಲಿಲ್ಲ. ಬರಹವನ್ನು ಬಿಟ್ಟು ಕಣ್ಣು ಮೆಲ್ಲಗೆ ಮೇಲೇರಿ ಅವಳ ಮುಖಕ್ಕೆ ಬಂತು, ಅಲ್ಲಿ ಏನನ್ನೋ ಹುಡುಕಿತು, ಸಿಕ್ಕಿತೋ ಇಲ್ಲವೋ ದೇವರೇ ಬಲ್ಲ. ಮಂಜು ಸರಿದು ಗಿಡದ ಮೇಲೆ ಬಿಸಿಲು ಬೀಳತೊಡಗಿತ್ತು.

"ಬೋರರ್" ಅಂದ ಗುರುವಯ್ಯ. ದನಿ ಕೆಳಗಿಳಿದಿತ್ತು, ಸಾಲಿನಲ್ಲಿ ನಿಂತ ಬೇರೆಯವರಿಗೆ ಕೇಳಬಾರದೆಂಬ ಹಾಗೆ. "ನನ್ ಸಾಲಿಗೆ ಬಾ."